ಬೆಳಕಿಲ್ಲದ ಮಕ್ಕಳಿಗೆ ನಾದದ ದಾರಿ ತೋರಿದ ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳು

ಶ್ರಾವಣ ಮಾಸ ಬಂದಿತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಮಠಗಳಲ್ಲಿ, ಗುಡಿಗಳಲ್ಲಿ, ಊರ ಮುಂದಿನ ಕಟ್ಟೆಗಳಲ್ಲಿ ಪುರಾಣ ಪ್ರವಚನಗಳು ಆರಂಭವಾಗುತ್ತವೆ. ಶಾಸ್ತ್ರಿಗಳು ಕಥೆಯನ್ನು ನಿಲ್ಲಿಸಿದ ಕಡೆ ಗವಾಯಿಗಳು ಹಾರ್ಮೋನಿಯಂ ಹಿಡಿದು ಹಾಡನ್ನು ಎತ್ತಿಕೊಳ್ಳುತ್ತಾರೆ. ಪಕ್ಕದಲ್ಲಿ ತಬಲಾ ನುಡಿಸುವವರು ಕೂಡಿಕೊಳ್ಳುತ್ತಾರೆ. ಅವರಲ್ಲಿ ಅನೇಕರಿಗೆ ಕಣ್ಣಿನ ಬೆಳಕು ಇರುವುದಿಲ್ಲ. ಆದರೂ ಯಾವ ಪದ್ಯಕ್ಕೆ ಯಾವ ರಾಗ, ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದರಲ್ಲಿ ಅವರು ತಪ್ಪುವುದಿಲ್ಲ. ಎಲ್ಲಿ ಕಲಿತಿರಿ ಎಂದು ಕೇಳಿದರೆ ಬಹುಪಾಲು ಜನರಿಂದ ಬರುವ ಉತ್ತರ ಒಂದೇ: ಗದಗಿನ ವೀರೇಶ್ವರ ಪುಣ್ಯಾಶ್ರಮ. ಆ ಪುಣ್ಯಾಶ್ರಮದ ಮೂಲಪುರುಷರೇ ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳು.

ಪೂಜ್ಯರನ್ನು ಸಂಗೀತಗಾರರೆಂದು ನಾಡು ಬಲ್ಲದು. ಈ ಲೇಖನದಲ್ಲಿ ನಾವು ಅವರನ್ನು ವಿಶೇಷವಾಗಿ ಒಬ್ಬ ಶಿಕ್ಷಕರನ್ನಾಗಿ ಕಾಣಲು ಬಯಸುತ್ತೇವೆ. ಎಲ್ಲರಂತೆ ಕಲಿಯಲಾರದ ಮಕ್ಕಳಿಗೆ ಕಲಿಸುವುದು ಹೇಗೆ ಎಂಬ ಪ್ರಶ್ನೆ ಇಂದು ನಮ್ಮ ಊರುಗಳ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಎದ್ದು ನಿಂತಿದೆ. ನೂರು ವರ್ಷಗಳ ಹಿಂದೆಯೇ ಆ ಪ್ರಶ್ನೆಗೆ ತಮ್ಮ ಬದುಕಿನಿಂದ ಉತ್ತರ ಕೊಟ್ಟವರು ಗವಾಯಿಗಳು.

ಜನನ ಮತ್ತು ಬಾಲ್ಯ

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿ ಒಂದು ಚಿಕ್ಕ ಗ್ರಾಮ. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಆ ಊರು ಈಗ ಹಾವೇರಿ ಜಿಲ್ಲೆಯಲ್ಲಿದೆ. ಅಲ್ಲಿಯ ಚರಂತಿಮಠದ ಗುರುಪಾದಯ್ಯನವರು ಮತ್ತು ನೀಲಮ್ಮ ದಂಪತಿಗಳ ಮಗನಾಗಿ 1892ನೆಯ ಇಸವಿಯ ಫೆಬ್ರುವರಿ 2ರಂದು ಗವಾಯಿಗಳು ಜನಿಸಿದರು. ತಂದೆತಾಯಿಗಳು ಇಟ್ಟ ಹೆಸರು ಗದಿಗೆಯ್ಯ. ಮಗು ಹುಟ್ಟಿನಿಂದಲೇ ಅಂಧ. ಅಣ್ಣ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಬಡ ಜಂಗಮ ಕುಟುಂಬವೊಂದರಲ್ಲಿ ಇಬ್ಬರು ಗಂಡುಮಕ್ಕಳೂ ಕಾಣದವರಾಗಿ ಹುಟ್ಟಿದರೆ ಆ ತಾಯಿಯ ಎದೆಯಲ್ಲಿ ಏನು ನಡೆದಿರಬಹುದೆಂಬುದನ್ನು ನಮ್ಮ ಓದುಗರಾದ ತಾಯಂದಿರು ಊಹಿಸಿಕೊಳ್ಳಬಲ್ಲರು.

ಅಂದಿನ ಸಮಾಜದಲ್ಲಿ ಕಣ್ಣಿಲ್ಲದ ಮಗುವಿಗೆ ಉಳಿದಿದ್ದ ದಾರಿಗಳು ಬಹಳ ಕಡಿಮೆ. ಮನೆಯ ಮೂಲೆಯಲ್ಲಿ ಕುಳ್ಳಿರಿಸಿ ಉಣ್ಣಿಸುವುದು ಒಂದು, ಗುಡಿಯ ಮುಂದೆ ಕೈಚಾಚಿ ಕುಳಿತುಕೊಳ್ಳುವುದು ಮತ್ತೊಂದು. ಹಿಂದಿನ ಜನ್ಮದ ಕರ್ಮವೆಂದು ಹೇಳಿ ಕೈತೊಳೆದುಕೊಳ್ಳುವವರೂ ಕಡಿಮೆಯಿರಲಿಲ್ಲ. ಶಾಲೆಯ ಮಾತಂತೂ ದೂರ. ಭಾರತದಲ್ಲಿ ಅಂಧರಿಗಾಗಿಯೇ ಮೊದಲ ಶಾಲೆ ಅಮೃತಸರದಲ್ಲಿ ತೆರೆದದ್ದು 1887ರಲ್ಲಿ, ಗದಿಗೆಯ್ಯ ಹುಟ್ಟುವುದಕ್ಕೆ ಕೇವಲ ಐದು ವರ್ಷ ಮೊದಲು. ಮೈಸೂರು ಸಂಸ್ಥಾನದಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಆರಂಭವಾದದ್ದು 1901ರಲ್ಲಿ. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಎಂಬ ಅಂಧ ತರುಣ 1829ರಲ್ಲಿಯೇ ಬೆರಳಿನಿಂದ ಓದುವ ಚುಕ್ಕೆಗಳ ಲಿಪಿಯನ್ನು ಪ್ರಕಟಿಸಿದ್ದನಾದರೂ, ಭಾರತೀಯ ಭಾಷೆಗಳಿಗೆಲ್ಲ ಒಪ್ಪಿತವಾದ ಏಕರೂಪದ ಬ್ರೈಲ್ ಲಿಪಿ ರೂಪುಗೊಂಡದ್ದು 1951ರಲ್ಲಿ. ಹೀಗಿರುವಾಗ ಕಾಡಶೆಟ್ಟಿಹಳ್ಳಿಯ ಬಾಲಕರಿಗೆ ಪುಸ್ತಕದ ಬಾಗಿಲು ಮುಚ್ಚಿಯೇ ಇತ್ತು.

ನಮ್ಮ ಸೀಮೆಯ ಸ್ಥಿತಿಯೂ ಬೇರೆಯಾಗಿರಲಿಲ್ಲ. ಆಗ ನಮ್ಮ ಊರುಗಳು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದವು. ಲಿಂಗಸುಗೂರು 1905ರವರೆಗೆ ಜಿಲ್ಲಾ ಸ್ಥಾನವೇ ಆಗಿತ್ತು. ಆದರೂ ಕನ್ನಡ ಕಲಿಯಬೇಕೆಂಬ ಕಣ್ಣಿದ್ದ ಮಕ್ಕಳಿಗೂ ಐಗಳ ಮಠವೇ ಗತಿ. ಆಡಳಿತದ ಭಾಷೆ ಉರ್ದುವಾಗಿದ್ದ ಕಾಲದಲ್ಲಿ ಮಠದ ಪಡಸಾಲೆಯಲ್ಲಿ ಮರಳು ಹರಡಿ, ಬೆರಳಿನಿಂದ ಅಕ್ಷರ ತಿದ್ದಿಸಿ, ಬಾಯಿಪಾಠ ಮಾಡಿಸಿ ಕನ್ನಡವನ್ನು ಉಳಿಸಿದವರು ಆ ಐಗಳು. ಕಾಣದ ಮಗುವಿನ ಗೋಳನ್ನು ಕೇಳುವವರು ಎಲ್ಲಿಯೂ ಇರಲಿಲ್ಲ.

ಗುರುವಿನ ಕಣ್ಣಿಗೆ ಬಿದ್ದ ಮಕ್ಕಳು

ಗದಿಗೆಯ್ಯ ಮತ್ತು ಗುರುಬಸಯ್ಯ ಇಬ್ಬರಿಗೂ ಒಳ್ಳೆಯ ಕಂಠವಿತ್ತು. ಕೇಳಿದ ಹಾಡನ್ನು ಕೇಳಿದಂತೆಯೇ ಹಾಡುವ ಶಕ್ತಿಯಿತ್ತು. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಸ್ವಾಮಿಗಳು ಈ ಬಾಲಕರನ್ನು ಗುರುತಿಸಿದರು.

ಕುಮಾರ ಸ್ವಾಮಿಗಳ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. 1867ರಲ್ಲಿ ಜನಿಸಿದ ಪೂಜ್ಯರು 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು ಸ್ಥಾಪಿಸಿದರು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಕಟ್ಟಿದರು. ಮಠಗಳ ವಟುಗಳಿಗೆ ಶಿಕ್ಷಣ ದೊರೆಯಬೇಕು, ವಚನಗಳ ತಾಡವೋಲೆಗಳು ಕೂಡಿಡಲ್ಪಡಬೇಕು, ಗೋಶಾಲೆ ನಡೆಯಬೇಕು, ಸಂಗೀತ ಬೆಳೆಯಬೇಕು ಎಂದು ಹಲವು ಕಡೆ ಒಮ್ಮೆಲೇ ಕೈಹಾಕಿದ ಮಹಾಪುರುಷರು ಅವರು. ಅಂಥವರು ಎರಡು ಕುರುಡು ಮಕ್ಕಳ ಮೇಲೆ ಗಮನವಿಟ್ಟದ್ದು ಚಿಕ್ಕ ಸಂಗತಿಯಲ್ಲ. ಮಠದಲ್ಲಿ ಎರಡು ಹೊತ್ತು ಪ್ರಸಾದ ಕೊಟ್ಟು, ಒಂದು ಮೂಲೆಯಲ್ಲಿ ಇರಲು ಹೇಳಿದ್ದರೂ ಜನರು ಅವರನ್ನು ಕರುಣಾಳುವೆಂದೇ ಹೊಗಳುತ್ತಿದ್ದರು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಆ ಮಕ್ಕಳಿಗೆ ಗುರುಗಳನ್ನು ಹುಡುಕಿದರು. ಅನ್ನ ಕೊಡುವವನು ಒಂದು ದಿನದ ಹಸಿವನ್ನು ತೀರಿಸಬಲ್ಲ, ವಿದ್ಯೆ ಕೊಡಿಸುವವನು ಒಂದು ಜನ್ಮದ ಹಂಗನ್ನು ಹರಿಯಬಲ್ಲ ಎಂಬುದು ಅವರ ಕೃತಿಯಿಂದಲೇ ತಿಳಿದುಬರುತ್ತದೆ.

ಗದಿಗೆಯ್ಯನು ಮುಂದೆ ಪಂಚಾಕ್ಷರಿಯಾದನು. ಕಣ್ಣಿನಿಂದ ಒಂದಕ್ಷರವನ್ನೂ ಕಾಣದ ಬಾಲಕನಿಗೆ ಐದಕ್ಷರದ ಮಂತ್ರವೇ ಹೆಸರಾಗಿ ನಿಂತಿತು.

ಸಂಗೀತಾಭ್ಯಾಸ

ಮೊದಲು ದೊರೆತದ್ದು ಕರ್ನಾಟಕ ಸಂಗೀತದ ಪಾಠ. ಮೈಸೂರಿಗೂ ಹೋಗಿ ಆ ಪದ್ಧತಿಯಲ್ಲಿ ಪಳಗಿದರು. ಬಳಿಕ ಕುಮಾರ ಸ್ವಾಮಿಗಳ ಕೃಪೆಯಿಂದ ಮಿರಜದ ನೀಲಕಂಠಬುವಾ ಅಲೂರಮಠ ಅವರಲ್ಲಿ ಹಿಂದೂಸ್ಥಾನಿ ಸಂಗೀತದ ಶಿಕ್ಷಣವಾಯಿತು. ನೀಲಕಂಠಬುವಾ ಅವರು ಗ್ವಾಲಿಯರ್ ಘರಾಣೆಯ ಬಾಲಕೃಷ್ಣಬುವಾ ಇಚಲಕರಂಜೀಕರ ಅವರ ಶಿಷ್ಯರು. ಮುಂದೆ ಮಲ್ಲಿಕಾರ್ಜುನ ಮನಸೂರರಿಗೂ ಅವರೇ ಗುರುಗಳಾದರು. ಹೀಗೆ ದಕ್ಷಿಣ ಮತ್ತು ಉತ್ತರದ ಎರಡೂ ಪದ್ಧತಿಗಳು ಗವಾಯಿಗಳಿಗೆ ವಶವಾದವು. ಉಭಯಗಾನ ವಿಶಾರದರೆಂಬ ಬಿರುದು ಅವರಿಗೆ ಸಂದದ್ದು ಈ ಕಾರಣದಿಂದ.

ಗಾಯನದ ಜೊತೆಗೆ ವಾದ್ಯಗಳನ್ನೂ ಅವರು ಒಂದೊಂದಾಗಿ ಕೈಗೆ ತಂದುಕೊಂಡರು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿಗಳಂಥ ಹಲವು ವಾದ್ಯಗಳನ್ನು ನುಡಿಸಲೂ ಬಲ್ಲವರಾದರು, ಕಲಿಸಲೂ ಬಲ್ಲವರಾದರು. ಈ ಬಹುವಾದ್ಯ ಪರಿಣತಿ ಮುಂದೆ ಅವರ ಶಾಲೆಯ ಆಧಾರಸ್ತಂಭವಾಯಿತು. ಶಿಕ್ಷಕನಿಗೆ ಒಂದೇ ದಾರಿ ಗೊತ್ತಿದ್ದರೆ ಆ ದಾರಿಯಲ್ಲಿ ನಡೆಯಲಾರದ ಮಗು ಹಿಂದುಳಿಯುತ್ತದೆ. ಹತ್ತು ದಾರಿ ಬಲ್ಲ ಗುರುವಿನ ಬಳಿ ಪ್ರತಿಯೊಂದು ಮಗುವಿಗೂ ಒಂದು ದಾರಿ ಸಿಗುತ್ತದೆ.

ಸಂಚಾರಿ ಪಾಠಶಾಲೆ

ಇಷ್ಟು ವಿದ್ಯೆ ಸಂಪಾದಿಸಿದ ಗಾಯಕರು ಅರಮನೆಗಳ ಆಶ್ರಯ ಹುಡುಕಬಹುದಾಗಿತ್ತು. ಸಂಸ್ಥಾನಿಕರು ಸಂಗೀತಗಾರರನ್ನು ಸಾಕುತ್ತಿದ್ದ ಕಾಲವದು. ಗವಾಯಿಗಳು ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ತಮ್ಮಂತೆಯೇ ಕಾಣದ, ತಮ್ಮಂತೆಯೇ ಬಡವರಾದ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳತೊಡಗಿದರು. ಅಂಗವಿಕಲರು ಬಂದರು, ತಂದೆತಾಯಿಯಿಲ್ಲದವರು ಬಂದರು. ಜಾತಿ ಕೇಳದೆ ಸೇರಿಸಿಕೊಂಡರು, ಶುಲ್ಕ ಕೇಳದೆ ಕಲಿಸಿದರು. ಊಟ, ವಸತಿ, ವಿದ್ಯೆ ಮೂರೂ ಉಚಿತ.

ಈ ಪಾಠಶಾಲೆಗೆ ಬಹುಕಾಲ ಕಟ್ಟಡವಿರಲಿಲ್ಲ. ಗುರುಗಳು ಯಾವ ಊರಿಗೆ ಹೋದರೋ ಶಾಲೆಯೂ ಆ ಊರಿಗೆ ಹೋಯಿತು. ವಾದ್ಯಗಳನ್ನು ಹೊತ್ತುಕೊಂಡು, ಕಂಡವರು ಕಾಣದವರ ಕೈಹಿಡಿದು, ಊರಿಂದ ಊರಿಗೆ ನಡೆಯುತ್ತಿದ್ದ ಆ ಪರಿವಾರವನ್ನು ಜನರು ಸಂಚಾರಿ ಸಂಗೀತ ಪಾಠಶಾಲೆ ಎಂದೇ ಕರೆದರು. ಮಠದಲ್ಲಿ ಬಿಡಾರ, ಭಕ್ತರ ಮನೆಯಿಂದ ಬಂದ ರೊಟ್ಟಿ, ಸಂಜೆಗೆ ಕೀರ್ತನೆ ಅಥವಾ ಸಂಗೀತ ಸೇವೆ, ಮತ್ತೆ ಪ್ರಯಾಣ. ಬರಗಾಲ ಬಂದಾಗ ಭಕ್ತರ ಕಣಜವೇ ಬರಿದಾಗುತ್ತಿತ್ತು, ಪ್ಲೇಗು ಬಂದಾಗ ಊರಿಗೆ ಊರೇ ಖಾಲಿಯಾಗುತ್ತಿತ್ತು. ಅಂಥ ಕಾಲದಲ್ಲಿ ಇಷ್ಟು ಬಾಯಿಗಳಿಗೆ ಅನ್ನ ಹುಡುಕುವುದು ಸುಲಭವಾಗಿರಲಿಲ್ಲ. 1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಗವಾಯಿಗಳು ತಂದೆಯನ್ನೂ ಆಶ್ರಯದಾತರನ್ನೂ ಒಟ್ಟಿಗೇ ಕಳೆದುಕೊಂಡಂತಾಯಿತು. ಆದರೂ ಶಾಲೆ ಮುಚ್ಚಲಿಲ್ಲ.

ಪಾಠದ ಪರಿ

ಕಣ್ಣಿಲ್ಲದವರಿಗೆ ಸಂಗೀತವನ್ನೇ ಏಕೆ ಆರಿಸಿಕೊಂಡರು ಎಂಬುದನ್ನು ವಿಚಾರಿಸಿದರೆ ಗವಾಯಿಗಳ ಶಿಕ್ಷಣ ದೃಷ್ಟಿ ಸ್ಪಷ್ಟವಾಗುತ್ತದೆ. ನಮ್ಮ ದೇಶದ ಸಂಗೀತವು ಗುರುಮುಖದಿಂದ ಶಿಷ್ಯನ ಕಿವಿಗೆ ಹೋಗುವ ವಿದ್ಯೆ. ಅಲ್ಲಿ ಪುಸ್ತಕವು ಮುಖ್ಯವಲ್ಲ. ಗುರು ಸ್ವರವನ್ನು ಹಾಡುತ್ತಾನೆ, ಶಿಷ್ಯ ಕೇಳಿ ಹಾಡುತ್ತಾನೆ, ತಪ್ಪಿದರೆ ಗುರು ಮತ್ತೆ ಹಾಡುತ್ತಾನೆ. ಈ ಪಾಠಕ್ಕೆ ಕಣ್ಣು ಬೇಕೇ ಇಲ್ಲ. ಬೇರೆ ಶಾಲೆಯಲ್ಲಿ ಕಣ್ಣಿಲ್ಲದ ಮಗು ಕಣ್ಣಿದ್ದ ಮಗುವಿನ ಹಿಂದೆ ಬೀಳುತ್ತದೆ. ಇಲ್ಲಿ ಇಬ್ಬರೂ ಒಂದೇ ಗೆರೆಯ ಮೇಲೆ ನಿಂತು ಆರಂಭಿಸುತ್ತಾರೆ. ಮಗುವಿನಲ್ಲಿ ಯಾವ ಇಂದ್ರಿಯವಿಲ್ಲ ಎಂದು ನೋಡುವುದಕ್ಕಿಂತ ಯಾವ ಇಂದ್ರಿಯವಿದೆ ಎಂದು ನೋಡಿ, ಅದರ ಮೂಲಕವೇ ವಿದ್ಯೆಯನ್ನು ಒಳಗೆ ಬಿಡುವುದು ಈ ಕ್ರಮದ ತಿರುಳು.

ಕೈಗೂ ಇದರಲ್ಲಿ ದೊಡ್ಡ ಪಾತ್ರವಿದೆ. ಹಾರ್ಮೋನಿಯಂ ಕಲಿಯುವ ಕಾಣದ ಬಾಲಕ ಕರಿ ಮನೆ, ಬಿಳಿ ಮನೆಗಳನ್ನು ಬಣ್ಣದಿಂದ ತಿಳಿಯುವುದಿಲ್ಲ. ಕರಿ ಮನೆಗಳು ಎರಡರ ಗುಂಪು, ಮೂರರ ಗುಂಪು ಎಂದು ಎತ್ತರದಲ್ಲಿ ಎದ್ದು ನಿಂತಿರುತ್ತವೆ. ಬೆರಳು ಅವುಗಳನ್ನು ತಡವಿದಾಗ ಇಡೀ ಸಪ್ತಕದ ನಕ್ಷೆ ಮನಸ್ಸಿನಲ್ಲಿ ಮೂಡುತ್ತದೆ. ತಬಲಾ ಕಲಿಸುವಾಗ ಬೋಲನ್ನು ಮೊದಲು ಬಾಯಿಯಿಂದ ಹೇಳಿಸಬೇಕು, ಅನಂತರ ಶಿಷ್ಯನ ಬೆರಳುಗಳನ್ನು ಹಿಡಿದು ಕಿನಾರೆ ಎಲ್ಲಿದೆ, ನಡುವಣ ಕರಣೆ ಎಲ್ಲಿದೆ ಎಂಬುದನ್ನು ಮುಟ್ಟಿಸಿ ತೋರಿಸಬೇಕು. ತಂಬೂರಿಯ ಶ್ರುತಿ ಸೇರಿಸುವುದಂತೂ ಪೂರ್ತಿ ಕಿವಿಯ ಕೆಲಸ. ತಾಳವನ್ನು ತೊಡೆಯ ಮೇಲೆ ತಟ್ಟಿ ಎಣಿಸುವುದರಿಂದ ಲೆಕ್ಕವೂ ಮೈಗೂಡುತ್ತದೆ. ಹದಿನಾರು ಮಾತ್ರೆಗಳ ತೀನತಾಲದಲ್ಲಿ ಖಾಲಿ ಎಲ್ಲಿ, ಸಮ್ ಎಲ್ಲಿ ಎಂದು ಎಂದೂ ಮರೆಯದ ಹುಡುಗನನ್ನು ಲೆಕ್ಕ ಬಾರದವನೆಂದು ಯಾರು ತಾನೇ ಕರೆಯಬಲ್ಲರು?

ಈ ವಿದ್ಯೆಗೆ ಅವಸರವೂ ಹೊಂದುವುದಿಲ್ಲ. ಒಂದೇ ಪಲಟಾವನ್ನು ತಿಂಗಳುಗಟ್ಟಲೆ ಹಾಡಿಸುವ ಪದ್ಧತಿಯಲ್ಲಿ ಬೇಗ ಕಲಿಯುವವನಿಗೂ ನಿಧಾನವಾಗಿ ಕಲಿಯುವವನಿಗೂ ಸ್ಥಳವಿದೆ. ವರ್ಷದ ಕೊನೆಗೆ ಪರೀಕ್ಷೆಯಿಟ್ಟು ಹಿಂದುಳಿದವನನ್ನು ಹೊರಹಾಕುವ ಏರ್ಪಾಡಿಲ್ಲ. ಕಂಠ ಒಲಿಯದವನಿಗೆ ತಬಲಾ, ತಬಲಾ ಒಲಿಯದವನಿಗೆ ಪಿಟೀಲು, ಯಾವುದೂ ಪೂರ್ತಿ ಒಲಿಯದವನಿಗೂ ಭಜನೆಯಲ್ಲಿ ತಾಳ ಹಿಡಿಯುವ ಸ್ಥಾನ. ಗುರುವಿನ ಪರಿವಾರದಲ್ಲಿ ಕೆಲಸವಿಲ್ಲದವನಾಗಿ ಯಾರೂ ಉಳಿಯಬಾರದು. ನಮ್ಮ ಶರಣರು ಕಾಯಕವೆಂದು ಕರೆದದ್ದನ್ನು ಗವಾಯಿಗಳು ಕಾಣದ ಮಕ್ಕಳ ಕೈಗೂ ತಲುಪಿಸಿದರು. ದಾಸೋಹ ಪಡೆಯುವವರಾಗಿ ಬಂದ ಮಕ್ಕಳು ದುಡಿದು ದಾಸೋಹ ಮಾಡುವವರಾಗಿ ಹೊರಹೊಮ್ಮಿದರು. ಪುರಾಣಕ್ಕೆ ಹಾಡಲು ಬರುವ ಅಂಧ ಗವಾಯಿಗೆ ನಮ್ಮ ಊರಿನವರು ಕೊಡುವುದು ಭಿಕ್ಷೆಯಲ್ಲ, ಸಂಭಾವನೆ. ಈ ಎರಡು ಶಬ್ದಗಳ ನಡುವಿನ ಅಂತರವೇ ಗವಾಯಿಗಳ ಜೀವಮಾನದ ಸಾಧನೆ.

ನಾಟಕದ ರಂಗದ ಮೇಲೆ

ಉತ್ತರ ಕರ್ನಾಟಕದಲ್ಲಿ ಆಗ ವೃತ್ತಿ ನಾಟಕ ಕಂಪನಿಗಳ ವೈಭವದ ಕಾಲ. ನಾಟಕವೆಂದರೆ ಹಾಡು, ಹಾಡೆಂದರೆ ಶಾಸ್ತ್ರೀಯ ಸಂಗೀತ. ಆಶ್ರಮದ ಅನ್ನಕ್ಕೆ ಒಂದು ಆಧಾರವಾಗಲೆಂದು ಆಶ್ರಮದ ಹೆಸರಿನಲ್ಲಿಯೂ ನಾಟಕ ಸಂಘವೊಂದು ನಡೆದು, ಕುಮಾರೇಶ್ವರರ ಕೃಪಾಪೋಷಿತವೆಂಬ ಹೆಸರನ್ನು ಹೊತ್ತು ಊರೂರು ತಿರುಗಿತು. ಅದರಲ್ಲಿ ಅಂಧ ಕಲಾವಿದರು ಹಾಡಿದರು, ನುಡಿಸಿದರು, ಬಣ್ಣ ಹಚ್ಚಿ ಪಾತ್ರವನ್ನೂ ಮಾಡಿದರು. ಕಾಣದವನು ರಂಗದ ಮೇಲೆ ನಡೆಯಬೇಕಾದರೆ ಹೆಜ್ಜೆಗಳ ಎಣಿಕೆ, ಎದುರಿನವನ ಧ್ವನಿಯ ದಿಕ್ಕು, ಪರದೆಯ ಅಂಚು ಎಲ್ಲವನ್ನೂ ಮೊದಲೇ ಮೈಗೂಡಿಸಿಕೊಂಡಿರಬೇಕು. ಅಷ್ಟು ತಾಲೀಮಿನ ಬಳಿಕ ಪ್ರೇಕ್ಷಕರು ಕಂಡದ್ದು ಪಾತ್ರವನ್ನು ಮಾತ್ರ. ಊರಿನವರ ಕನಿಕರಕ್ಕೆ ಒಳಗಾಗಿದ್ದ ಮಗು ಅದೇ ಊರಿನವರ ಚಪ್ಪಾಳೆಗೆ ಪಾತ್ರವಾದದ್ದನ್ನು ಯಾವ ಸರ್ಕಾರಿ ಯೋಜನೆಯೂ ಅಂದು ಮಾಡಿ ತೋರಿಸಿರಲಿಲ್ಲ.

ಶಿಷ್ಯ ಸಂಪತ್ತು

ಗವಾಯಿಗಳ ಶಿಷ್ಯರಲ್ಲಿ ಕಂಡವರೂ ಇದ್ದರು, ಕಾಣದವರೂ ಇದ್ದರು. ಅವರಲ್ಲಿ ಬಸವರಾಜ ರಾಜಗುರು ಅವರ ಹೆಸರು ದೇಶಕ್ಕೆಲ್ಲ ಪರಿಚಿತ. 1917ರಲ್ಲಿ ಯಲಿವಾಳದಲ್ಲಿ ಹುಟ್ಟಿದ ಈ ಬಾಲಕನನ್ನು ಗುರುತಿಸಿ ತಮ್ಮ ಪರಿವಾರಕ್ಕೆ ಸೇರಿಸಿಕೊಂಡವರು ಗವಾಯಿಗಳು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪಿಯಲ್ಲಿ ನಡೆದಾಗ ತರುಣ ರಾಜಗುರು ಹಾಡಿದರು. ಅವರಿಗೆ ತಬಲಾ ಸಾಥಿ ನೀಡಿದವರು ಸ್ವತಃ ಗುರುಗಳು. ಸಂಗೀತ ಸಭೆಯಲ್ಲಿ ಮುಖ್ಯ ಸ್ಥಾನ ಗಾಯಕನದು, ಸಾಥಿಯ ಸ್ಥಾನ ಪಕ್ಕದಲ್ಲಿ. ಎಂಟು ದಿಕ್ಕಿಗೆ ಹೆಸರಾದ ಗುರುವು ಹತ್ತೊಂಬತ್ತರ ಶಿಷ್ಯನ ಪಕ್ಕದಲ್ಲಿ ಕುಳಿತು ಅವನ ಹಾಡಿಗೆ ಠೇಕಾ ಹಿಡಿದದ್ದನ್ನು ನೆನೆದರೆ, ಶಿಕ್ಷಕನ ಸ್ಥಾನ ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ. ಮಗುವಿನ ಹೆಜ್ಜೆಗೆ ತಾಳ ಹಿಡಿಯುವವನೇ ಗುರು.

ನಮ್ಮ ರಾಯಚೂರು ಜಿಲ್ಲೆಗೂ ಈ ಗುರುಕೃಪೆ ಹರಿದುಬಂದಿದೆ. ವಚನ ಗಾಯನದಿಂದ ಮನೆಮನೆಯ ಮಾತಾದ ಸಿದ್ಧರಾಮ ಜಂಬಲದಿನ್ನಿಯವರು ಗವಾಯಿಗಳ ಶಿಷ್ಯಪರಂಪರೆಗೆ ಸೇರಿದವರು. ರಾಯಚೂರಿನ ರಂಗಮಂದಿರ ಇಂದು ಅವರ ಹೆಸರನ್ನು ಹೊತ್ತು ನಿಂತಿದೆ.

ಶಿಷ್ಯರಲ್ಲಿ ಶಿರೋಮಣಿ ಎನಿಸಿದವರು ಪಂಡಿತ ಪುಟ್ಟರಾಜ ಗವಾಯಿಗಳು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಅವರು ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡರು. ಸೋದರಮಾವ ಚಂದ್ರಶೇಖರಯ್ಯನವರು ಬಾಲಕನನ್ನು ಪಂಚಾಕ್ಷರಿ ಗವಾಯಿಗಳ ಮಡಿಲಿಗೆ ಹಾಕಿದರು. ಆ ಬಾಲಕ ಸಂಗೀತದ ಜೊತೆಗೆ ಸಂಸ್ಕೃತ, ಹಿಂದಿ, ಕನ್ನಡಗಳಲ್ಲಿ ಪಾಂಡಿತ್ಯ ಪಡೆದು ಮೂರೂ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು, ನಾಟಕಗಳನ್ನು ಬರೆದರು, ಬ್ರೈಲ್ ಲಿಪಿಯನ್ನೂ ಕರಗತ ಮಾಡಿಕೊಂಡರು. ಕಣ್ಣಿಲ್ಲದ ಗುರು ಕಣ್ಣಿಲ್ಲದ ಶಿಷ್ಯನನ್ನು ತನಗಿಂತಲೂ ಮುಂದೆ ಕಳಿಸಿದನೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಗದಗಿನಲ್ಲಿ ನೆಲೆ, ಲಿಂಗೈಕ್ಯ

ಅಲೆದಾಡುತ್ತಿದ್ದ ಪಾಠಶಾಲೆಗೆ ಕೊನೆಗೆ ಗದಗಿನಲ್ಲಿ ನೆಲೆ ದೊರೆಯಿತು. ಬಸರಿಗಿಡದ ವೀರಪ್ಪನವರಂಥ ದಾನಿಗಳ ಔದಾರ್ಯದಿಂದ ಅಲ್ಲಿ ವೀರೇಶ್ವರ ಪುಣ್ಯಾಶ್ರಮವು ತಳವೂರಿತು. ಊರೂರಿನ ಕಾಣದ ಮಕ್ಕಳಿಗೆ ಹೋಗಿ ಸೇರಲು ಒಂದು ಮನೆ ಸಿಕ್ಕಿತು.

ಆದರೆ ದೇಹ ಬಹಳ ದಣಿದಿತ್ತು. 1944ರ ಜೂನ್ 11ರಂದು ಗವಾಯಿಗಳು ಗದಗಿನಲ್ಲಿ ಲಿಂಗೈಕ್ಯರಾದರು. ಬದುಕಿದ್ದು ಐವತ್ತೆರಡು ವರ್ಷ. ಹಿಂದೆ ಬಿಟ್ಟದ್ದು ಹೊಲಮನೆಯಲ್ಲ, ಹಾಡಬಲ್ಲ ಮಕ್ಕಳನ್ನು.

ಆ ಮಕ್ಕಳ ಭಾರವನ್ನು ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳು ಹೆಗಲಿಗೇರಿಸಿಕೊಂಡರು. 2010ರ ಸೆಪ್ಟೆಂಬರ್ 17ರಂದು ತಾವು ಲಿಂಗೈಕ್ಯರಾಗುವವರೆಗೆ, ಅರವತ್ತಾರು ವರ್ಷ, ಆ ಭಾರವನ್ನು ಇಳಿಸಲಿಲ್ಲ. ಭಕ್ತರು ಮಾಡುತ್ತಿದ್ದ ತುಲಾಭಾರದ ಹಣವೆಲ್ಲ ಆಶ್ರಮದ ಮಕ್ಕಳ ಅನ್ನಕ್ಕೆ ಸಂದಿತು. ಅದೇ 2010ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು. ಪಂಚಾಕ್ಷರಿ ಗವಾಯಿಗಳ ಜೀವನವನ್ನು ಕುರಿತು 1995ರಲ್ಲಿ ಚಲನಚಿತ್ರವೂ ಬಂದು, ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ ಗಾಯನಕ್ಕೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು. ಗವಾಯಿಗಳ ಹೆಸರು ಹಳೆಯ ತಲೆಮಾರಿನಿಂದ ಹೊಸ ತಲೆಮಾರಿಗೆ ದಾಟಿತು.

ನಮ್ಮ ಸೀಮೆಯ ಮಕ್ಕಳಿಗೆ ಈ ಬದುಕು ಹೇಳುವುದೇನು?

ಮಹಾತ್ಮರ ಚರಿತ್ರೆಯನ್ನು ಓದಿ ಕೈಮುಗಿದು ಎದ್ದು ಹೋದರೆ ಫಲವಿಲ್ಲ. ನಮ್ಮ ಮನೆಗಳಲ್ಲಿ, ನಮ್ಮ ಶಾಲೆಗಳಲ್ಲಿ ಇಂದೂ ಗದಿಗೆಯ್ಯರಿದ್ದಾರೆ. ಕೆಲವರಿಗೆ ಕಣ್ಣಿಲ್ಲ, ಕೆಲವರಿಗೆ ಕಿವಿಯಿಲ್ಲ. ಮತ್ತೆ ಕೆಲವರಿಗೆ ಕಣ್ಣೂ ಇದೆ, ಕಿವಿಯೂ ಇದೆ, ಆದರೆ ಅಕ್ಷರ ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ. ಮೊದಲೆರಡು ಬಗೆಯ ಮಕ್ಕಳ ಕೊರತೆ ಎಲ್ಲರಿಗೂ ಕಾಣುತ್ತದೆ. ಮೂರನೆಯ ಬಗೆಯ ಮಕ್ಕಳ ತೊಡಕು ಯಾರ ಕಣ್ಣಿಗೂ ಬೀಳುವುದಿಲ್ಲ. ಆದುದರಿಂದ ಅವರಿಗೆ ಕನಿಕರವೂ ದೊರೆಯುವುದಿಲ್ಲ, ದೊರೆಯುವುದು ಬೈಗುಳ. ಸೋಮಾರಿ, ದಡ್ಡ, ಮೊಂಡ ಎಂಬ ಬಿರುದುಗಳು.

ಮಾತಿನಲ್ಲಿ ಚುರುಕಾಗಿದ್ದು, ಕಥೆಯನ್ನು ಒಮ್ಮೆ ಕೇಳಿದರೆ ಮರೆಯದ, ಎತ್ತು ಟ್ರ್ಯಾಕ್ಟರುಗಳ ಬಗ್ಗೆ ಎಲ್ಲವನ್ನೂ ಬಲ್ಲ ಹುಡುಗ ಐದನೆಯ ತರಗತಿಗೆ ಬಂದರೂ ಒಂದು ಸಾಲು ಓದಲಾರ. ಬಕಾರಕ್ಕೂ ಭಕಾರಕ್ಕೂ, ಪಕಾರಕ್ಕೂ ಷಕಾರಕ್ಕೂ ಭೇದ ತಿಳಿಯದೆ ಒದ್ದಾಡುತ್ತಾನೆ. ಕಾಗುಣಿತದ ಕೊಂಬು, ಇಳಿ, ಏತ್ವಗಳು ಅವನ ಕಣ್ಣೆದುರು ಕಲಸಿಹೋಗುತ್ತವೆ. ಒತ್ತಕ್ಷರ ಬಂದರೆ ನಿಂತೇಬಿಡುತ್ತಾನೆ. ವೈದ್ಯರು ಇದನ್ನು ಡಿಸ್‌ಲೆಕ್ಸಿಯಾ ಎಂದು ಕರೆಯುತ್ತಾರೆ. 1896ರಲ್ಲಿಯೇ ಇಂಗ್ಲೆಂಡಿನ ವೈದ್ಯರೊಬ್ಬರು, ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದಿದ್ದರೂ ಓದಲಾರದ ಹದಿನಾಲ್ಕು ವರ್ಷದ ಬಾಲಕನೊಬ್ಬನ ಸ್ಥಿತಿಯನ್ನು ವಿವರಿಸಿ ಬರೆದಿದ್ದರು. ಇದು ಬುದ್ಧಿಯ ಕೊರತೆಯಲ್ಲ. ಶಬ್ದವನ್ನೂ ಅದರ ಚಿಹ್ನೆಯನ್ನೂ ಮಿದುಳು ಜೋಡಿಸಿಕೊಳ್ಳುವ ರೀತಿಯಲ್ಲಿರುವ ವ್ಯತ್ಯಾಸ. ಹೊಡೆತದಿಂದ ಅದು ಸರಿಹೋಗುವುದಿಲ್ಲ. ತಾಯಿತದಿಂದಲೂ ಹೋಗುವುದಿಲ್ಲ. ಮಗುವಿಗೆ ವಿದ್ಯೆ ಹತ್ತುತ್ತಿಲ್ಲವೆಂದು ಮಠಕ್ಕೆ ಬಂದು ವಿಭೂತಿ ಬೇಡುವ ತಾಯಂದಿರಿಗೆ ನಾವು ವಿಭೂತಿಯನ್ನು ಹಣೆಗೆ ಹಚ್ಚಿಯೇ ಈ ಮಾತನ್ನೂ ಹೇಳುತ್ತೇವೆ.

ಹಾಗಾದರೆ ಪರಿಹಾರವೇನು? ಗವಾಯಿಗಳ ಪಾಠಶಾಲೆಯ ತತ್ತ್ವವೇ ಇಲ್ಲಿಯೂ ಅನ್ವಯಿಸುತ್ತದೆ. ಒಂದು ಬಾಗಿಲು ತೆರೆಯದಿದ್ದರೆ ಮತ್ತೊಂದನ್ನು ತಟ್ಟಬೇಕು. ಕಣ್ಣಿನಿಂದ ಅಕ್ಷರ ಹಿಡಿಯಲಾರದ ಮಗುವಿಗೆ ಬೆರಳಿನಿಂದ, ಕಿವಿಯಿಂದ, ಬಾಯಿಯಿಂದ ಒಟ್ಟಿಗೇ ಕಲಿಸಬೇಕೆಂದು ಇಂದಿನ ತಜ್ಞರು ಹೇಳುತ್ತಾರೆ. ಅಕ್ಷರವನ್ನು ಮರಳಿನ ಮೇಲೆ ತಿದ್ದಿಸುತ್ತ ಅದರ ಉಚ್ಚಾರವನ್ನು ಗಟ್ಟಿಯಾಗಿ ಹೇಳಿಸುವುದು ಆ ಕ್ರಮದ ಒಂದು ಅಂಗ. ನಮ್ಮ ಐಗಳ ಮಠದ ಮರಳಿನ ಪಾಠ ಇದಕ್ಕಿಂತ ಬೇರೆಯೇನೂ ಆಗಿರಲಿಲ್ಲ. ಹಳೆಯದೆಂದು ಬಿಟ್ಟದ್ದನ್ನು ಮತ್ತೆ ಕೈಗೆತ್ತಿಕೊಳ್ಳಲು ಖರ್ಚೇನೂ ಇಲ್ಲ. ಒಂದು ತಟ್ಟೆ, ಒಂದು ಹಿಡಿ ಮರಳು, ಮಗುವಿನ ಪಕ್ಕದಲ್ಲಿ ತಾಳ್ಮೆಯಿಂದ ಕುಳಿತುಕೊಳ್ಳುವ ಒಬ್ಬರು ಸಾಕು.

ಕಾನೂನು ಕೂಡ ಈಗ ಮಗುವಿನ ಪರವಾಗಿ ನಿಂತಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿಗೆ ಮಾತ್ರ ಮನ್ನಣೆಯಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಅವುಗಳ ಸಂಖ್ಯೆಯನ್ನು 21ಕ್ಕೆ ಏರಿಸಿತು. ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಅಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮವನ್ನು ಅನುಸರಿಸಬೇಕೆಂದು ಕಾಯ್ದೆ ಶಿಕ್ಷಣ ಸಂಸ್ಥೆಗಳಿಗೆ ವಿಧಿಸಿದೆ. ಯಾವ ಮಗುವನ್ನೂ ವೈಕಲ್ಯದ ಕಾರಣದಿಂದ ಶಾಲೆಯಿಂದ ಹಿಂದಕ್ಕೆ ಕಳಿಸುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರವಿದ್ದ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಹಾಗೂ ಬರೆದುಕೊಡುವ ಸಹಾಯಕರ ಸೌಲಭ್ಯಗಳಿವೆ. ಪಾಲಕರು ಮೊದಲು ಶಾಲೆಯ ಮುಖ್ಯ ಗುರುಗಳನ್ನು ಕಾಣಬೇಕು. ಬಳಿಕ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ ಬಗ್ಗೆ ವಿಚಾರಿಸಬೇಕು. ನಾಚಿಕೆಪಡಬೇಕಾದ ಕಾರಣವೇ ಇಲ್ಲ.

ನಮ್ಮ ಭಾಗದ ಒಂದು ವಿಶೇಷ ಸಂಕಟವನ್ನೂ ಇಲ್ಲಿ ಹೇಳಬೇಕು. ಕಾಲುವೆಯ ನೀರು ಹರಿದ ಕಡೆ ಭತ್ತದ ಹಸಿರಿದೆ. ನೀರು ತಲುಪದ ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ. ತಂದೆತಾಯಿಯ ಜೊತೆ ಮಗುವೂ ಹೋಗುತ್ತದೆ. ನಾಲ್ಕು ತಿಂಗಳ ಬಳಿಕ ಮರಳಿದ ಮಗು ಹಿಂದುಳಿದಿದ್ದರೆ ಅದು ಗುಳೆಯಿಂದಲೋ ಕಲಿಕೆಯ ತೊಡಕಿನಿಂದಲೋ ಎಂದು ಬೇರ್ಪಡಿಸಿ ನೋಡಲು ಶಿಕ್ಷಕರಿಗೆ ಸಮಯವಿರುವುದಿಲ್ಲ. ಎರಡು ಭಾರಗಳೂ ಒಂದೇ ಮಗುವಿನ ತಲೆಯ ಮೇಲೆ ಬಿದ್ದಾಗ ಅದು ಶಾಲೆಯನ್ನು ಬಿಟ್ಟೇಬಿಡುತ್ತದೆ. ಗುರು ಮಕ್ಕಳನ್ನು ಹುಡುಕಿಕೊಂಡು ಊರೂರು ನಡೆದ ಸಂಚಾರಿ ಪಾಠಶಾಲೆಯನ್ನು ನೆನೆಯಬೇಕಾದದ್ದು ಇಂಥಲ್ಲಿ. ಓದಿದ ಯುವಕರು ಸಂಜೆಯ ಒಂದು ಗಂಟೆಯನ್ನು ತಮ್ಮ ಓಣಿಯ ಅಂಥ ಒಂದು ಮಗುವಿಗೆ ಕೊಟ್ಟರೆ ಅದು ಜಂಗಮಸೇವೆಯೇ ಆಗುತ್ತದೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಗವಾಯಿಗಳ ಚರಿತ್ರೆಯನ್ನು ಓದಿ, ಕಣ್ಣಿಲ್ಲದ ಮಗುವೆಂದರೆ ಸಂಗೀತಕ್ಕೇ ಹಾಕಬೇಕೆಂದು ತಿಳಿಯಬಾರದು. ಅಂದು ಕಿವಿಯ ದಾರಿಯೊಂದೇ ತೆರೆದಿತ್ತು, ಅದನ್ನು ಅವರು ಹೆದ್ದಾರಿಯಾಗಿ ಮಾಡಿದರು. ಇಂದು ಬ್ರೈಲ್ ಪುಸ್ತಕಗಳಿವೆ, ಬರೆದದ್ದನ್ನು ಓದಿ ಹೇಳುವ ಮೊಬೈಲುಗಳಿವೆ. ಕಾಣದ ಮಗು ಶಿಕ್ಷಕನಾಗಬಹುದು, ವಕೀಲನಾಗಬಹುದು, ಅಧಿಕಾರಿಯಾಗಬಹುದು. ಹಾಗೆಯೇ ಓದಲು ತಡವರಿಸುವ ಪ್ರತಿಯೊಂದು ಮಗುವಿನಲ್ಲಿಯೂ ಒಂದು ಅದ್ಭುತ ಪ್ರತಿಭೆ ಅಡಗಿರಲೇಬೇಕೆಂಬ ನಿಯಮವೂ ಇಲ್ಲ. ಪ್ರತಿಭೆಯಿದ್ದರೆ ಮಾತ್ರ ಆದರಿಸುತ್ತೇವೆ ಎನ್ನುವುದೂ ಒಂದು ಬಗೆಯ ತಿರಸ್ಕಾರವೇ. ಆಶ್ರಮಕ್ಕೆ ಬಂದ ಮಕ್ಕಳೆಲ್ಲರೂ ರಾಜಗುರುಗಳಾಗಲಿಲ್ಲ, ಪುಟ್ಟರಾಜರಾಗಲಿಲ್ಲ. ಹೆಸರಿಲ್ಲದೆ ಹಳ್ಳಿಗಳ ಭಜನೆಗಳಲ್ಲಿ ತಬಲಾ ನುಡಿಸಿ, ಸ್ವಂತ ದುಡಿಮೆಯ ರೊಟ್ಟಿ ತಿಂದು ಬಾಳಿದವರೇ ಹೆಚ್ಚು. ಅವರಿಗೂ ಪುಣ್ಯಾಶ್ರಮದಲ್ಲಿ ಅಷ್ಟೇ ಅನ್ನ, ಅಷ್ಟೇ ಪಾಠ ದೊರೆತಿತ್ತು. ಕಲಿಯುವುದು ಮಗುವಿನ ಹಕ್ಕು. ಆ ಹಕ್ಕಿಗೆ ಯಾವ ಷರತ್ತೂ ಇರಬಾರದು.

ಕಣ್ಣಿದ್ದೂ ಮಗುವಿನ ಕಷ್ಟವನ್ನು ಕಾಣದವರು ಬಹಳ. ಕಣ್ಣಿಲ್ಲದೆಯೂ ಅದನ್ನು ಕಂಡವರು ಪಂಚಾಕ್ಷರಿ ಗವಾಯಿಗಳು. ಪ್ರತಿವರ್ಷ ಜೂನ್ ತಿಂಗಳಲ್ಲಿ ಪೂಜ್ಯರ ಪುಣ್ಯಸ್ಮರಣೆ ಬರುತ್ತದೆ, ಅದೇ ತಿಂಗಳ ಆಸುಪಾಸಿನಲ್ಲಿ ಶಾಲೆಗಳ ಬಾಗಿಲೂ ಹೊಸದಾಗಿ ತೆರೆಯುತ್ತದೆ. ಈ ವರ್ಷ ಸದ್ಭಕ್ತರು ಪೂಜ್ಯರ ಭಾವಚಿತ್ರಕ್ಕೆ ಒಂದು ಹೂವನ್ನಿಡುವುದರ ಜೊತೆಗೆ ತಮ್ಮ ಮನೆಯ, ತಮ್ಮ ಓಣಿಯ ಒಂದು ಮಗುವಿನ ಪುಸ್ತ್ಕವನ್ನು ಕೈಗೆತ್ತಿಕೊಂಡು ಅದರ ಪಕ್ಕದಲ್ಲಿ ಕುಳಿತುಕೊಳ್ಳಬೇಕೆಂದು ನಾವು ವಿನಂತಿಸಿಕೊಳ್ಳುತ್ತೇವೆ.